ಕೋಟೆ ಗೋಡೆಯಿಂದ ಹಾರಿದ ಡಾಗ್ಮಾರಮ್ಮ

ಡಾಗ್ಮಾರಮ್ಮನವರ ಸುದ್ದಿ ನಾನು ಮೊದಲು ಕೇಳಿದ್ದು ವೈಟ್‌ಫೀಲ್ಡಿನ ಸೊಪ್ಪಿನ ಅಂಗಡಿಯಲ್ಲಿ, ಎರಡು ಸಾವಿರದ ಮೂರನೇ ಇಸವಿಯಲ್ಲಿ. ನನ್ನ ಗಂಡ ತೀರಿಕೊಂಡ ಮೇಲೆ ಮನೆಗೆಲಸ ಹುಡುಕುತ್ತಿದ್ದೆ.

‘ಆ ಹಳೇ ಹೆಂಚಿನ ಮನೆ ಮುದುಕಮ್ಮಂಗೆ ಜನ ಬೇಕಂತೆ ಕಣಕ್ಕಾ,’ ಅಂದಳು ಸೊಪ್ಪು ಮಾರುವ ಲಕ್ಷ್ಮಮ್ಮ. ‘ಕಣ್ಣು ಕಾಣಾಕಿಲ್ಲ. ವಯಸ್ನಾಗೆ ಸಿನಿಮಾದಲ್ಲಿ ಕೋಟೆ ಮೇಲಿಂದ ಹಾರಿದ್ಳಂತೆ. ಹಾರಿದ್ದು ಅವಳಲ್ಲ, ಸೀರೆ ಉಟ್ಟ ಗಂಡಸು ಅಂತ ಜನ ಆಡ್ಕೋತಾರೆ.’

ಕೋಟೆ ಹಾರಿದವರನ್ನು ನೋಡುವ ಆಸೆಗೆ ಅವತ್ತೇ ಹೋಗಿ ಕೆಲಸಕ್ಕೆ ನಿಂತೆ.

ಅವರ ಅಪ್ಪ ಡೆನ್ಮಾರ್ಕ್ ದೇಶದವನು. ಕೋಲಾರದ ಚಿನ್ನದ ಗಣಿಗೆ ಬಂದವನು ಇಲ್ಲಿಯ ಆಂಗ್ಲೋ ಇಂಡಿಯನ್ ಹುಡುಗಿಯನ್ನು ಮದುವೆಯಾದ. ಮಗಳು ವಯಸ್ಸಿಗೆ ಬಂದಾಗ ಇನ್ನೂ ಮೂಕಿ ಸಿನಿಮಾ. ನಮ್ಮವರು ಹೆಣ್ಣುಮಕ್ಕಳನ್ನು ಆ ಕಡೆ ಸುಳಿಯಲೂ ಬಿಡುತ್ತಿರಲಿಲ್ಲ, ಹಾಗಾಗಿ ರಾಣಿಯೂ ಇವರೇ, ದೇವತೆಯೂ ಇವರೇ. ಪರದೆಯ ಮೇಲೆ ಹೆಸರು ಮಾತ್ರ ಮಿಸ್ ಹೇಮಪ್ರಭಾ. ಕುದುರೆ ಓಡಿಸಿದರು, ಕತ್ತಿ ಬೀಸಿದರು. ಮಾತಿನ ಸಿನಿಮಾ ಬಂದದ್ದೇ ತಡ, ರಾಣಿಯ ಬಾಯಲ್ಲಿ ಇಂಥ ಕನ್ನಡವೇ ಎಂದು ಕೈಬಿಟ್ಟರು. ಆಮೇಲೆ ಟೆಲಿಫೋನ್ ಆಫೀಸಿನಲ್ಲಿ ‘ನಂಬರ್ ಪ್ಲೀಸ್’ ಅನ್ನುತ್ತಲೇ ಪಿಂಚಣಿಗೆ ಬಂದರು.

‘ರೀಲೆಲ್ಲ ಸುಟ್ಟೋಯ್ತು ಹೊಳೆವ್ವ. ಇಲ್ದಿದ್ರೆ ಹಾರಿದ್ದು ನಾನೇ ಅಂತ ತೋರ್ಸಿಬಿಡ್ತಿದ್ದೆ,’ ಎಂದು ನನ್ನ ಹತ್ತಿರ ಅನ್ನುವರು. ಅದೊಂದೇ ಕೊರಗು.

ಒಂದು ಸಂಜೆ ಪಕ್ಕದ ಅಪಾರ್ಟ್‌ಮೆಂಟಿನ ವೀರೇಶ್ ಓಡೋಡಿ ಬಂದ. ಹಳೇ ಸಿನಿಮಾದ ಹುಚ್ಚು ಅವನಿಗೆ. ಎಲ್ಲೋ ಅವರ ಸಿನಿಮಾದ ಒಂದು ತುಂಡು ರೀಲು ಸಿಕ್ಕಿದೆ, ಇದರಲ್ಲಿ ಹಾಕಿಸಿಕೊಂಡು ಬಂದಿದ್ದೇನೆ ಎಂದು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟ. ಲಕ್ಷ್ಮಮ್ಮ ಅಂಗಡಿಗೆ ಗೋಣಿ ಹೊದಿಸಿ ಬಂದಳು.

‘ನಮ್ ಕಾಲದಲ್ಲಿ ಪರದೆ ಪಕ್ಕ ಒಬ್ಬ ನಿಂತು ಕಥೆ ಕೂಗಿ ಹೇಳ್ತಿದ್ದ,’ ಅಂದರು ಡಾಗ್ಮಾರಮ್ಮ. ‘ಇವತ್ತು ನೀನೇ ಅವನು. ಕಂಡಿದ್ದನ್ನೇ ಹೇಳು, ಸುಳ್ಳು ಸೇರಿಸ್ಬೇಡ.’

ನಾನು ಎದ್ದು ನಿಂತು ನಮ್ಮೂರ ಕಡೆಯ ಮಾತಿನಲ್ಲೇ ಶುರುಮಾಡಿದೆ. ‘ರಾಣಿ ಗೋಡಿ ಹತ್ತಾಕತ್ತಾಳ್ರಿ. ಸಿಪಾಯಿಗಳು ಬೆನ್ನ ಹತ್ಯಾರ. ಬೆನ್ನಷ್ಟ ಕಾಣತೈತಿ, ಮಾರಿ ಕಾಣವಲ್ದು. ತುದಿಗೆ ನಿಂತಾಳ. ಹಾರಿದ್ಳರಿ ಅಮ್ಮಾರ...’

ನಾನು ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದೆ.

‘ಯಾಕೆ ಸುಮ್ನಾದೆ?’

‘ಸೀರಿ ಮ್ಯಾಲಾತ್ರಿ. ಕಾಲಾಗ ಗಂಡಸರ ಬೂಟ್ ಅದಾವ.’

ಲಕ್ಷ್ಮಮ್ಮ ಕಿಸಕ್ಕೆಂದಳು. ‘ನಾನ್ ಹೇಳ್ಲಿಲ್ವಾ?’

‘ನಮ್ಮಪ್ಪನ ಬೂಟು ಕಣೇ ಅದು,’ ಅಂದರು ಡಾಗ್ಮಾರಮ್ಮ. ‘ಒಳಗೆ ಬಟ್ಟೆ ತುರ್ಕೊಂಡಿದ್ದೆ. ಬರಿಗಾಲಲ್ಲಿ ಹಾರಿ ಕಾಲ್ ಮುರ್ಕೋಬೇಕಿತ್ತಾ? ಮುಂದೆ ಹೇಳು.’

ಗೋಡೆಯ ಕೆಳಗೆ ಹುಲ್ಲಿನ ರಾಶಿಯ ಮೇಲೆ ಬಿದ್ದ ರಾಣಿ ಎದ್ದು ನಮ್ಮತ್ತ ತಿರುಗಿದಳು. ಅದೇ ಮೂಗು, ಗದ್ದದಲ್ಲಿ ಅದೇ ಕುಳಿ, ತಲೆ ತುಂಬ ಹುಲ್ಲು, ಬಾಯಿ ತುಂಬ ನಗು.

‘ನೀವ ಅದೀರಿ ಅಮ್ಮಾರ, ನೀವ!’

‘ಮಧ್ಯೆ ಎಲ್ಲೂ ಕಟ್ ಆಗಿಲ್ಲ ಮೇಡಂ,’ ಅಂದ ವೀರೇಶ್. ‘ಹಾರಿದವ್ರೇ ಎದ್ದಿರೋದು.’

ಡಾಗ್ಮಾರಮ್ಮ ಕುರ್ಚಿಯ ಕೈ ಬಡಿದು ಬಡಿದು ನಕ್ಕರು. ಅಂದಿನಿಂದ ಹಾಲಿನವನು, ಗ್ಯಾಸಿನವನು, ಯಾರು ಬಂದರೂ ಕೂರಿಸಿ ನನ್ನಿಂದ ಕಥೆ ಹೇಳಿಸಿದರು.

ಮಳೆಗಾಲದಲ್ಲಿ ಆಸ್ಪತ್ರೆ ಸೇರಿದರು. ಸೂಜಿ ಹಿಡಿದು ಹೊಸ ನರ್ಸೊಬ್ಬಳು ಬಂದಳು. ಅವರು ನನ್ನನ್ನು ಕೊನೆಗೆ ಕೇಳಿಕೊಂಡದ್ದು ಆಗಲೇ.

‘ಈ ಹುಡುಗಿಗೆ ಗೊತ್ತಿಲ್ಲ ಹೊಳೆವ್ವ. ಗೋಡೆ ಹತ್ತಿದ್ನಲ್ಲ, ಅಲ್ಲಿಂದ ಹೇಳು. ಗಟ್ಟಿಯಾಗಿ ಹೇಳು.’