ಹೊರಬೀಡಿನ ಮಂಗಳವಾರ

ತಡಸದ ಗುತ್ತೆವ್ವ ಎಲೆ ಮಾರಿ ಬದುಕಿದವಳು. ಗಡಿಯಾಚೆಯ ಸಂಸ್ಥಾನದ ತೋಟಗಳಿಂದ ವೀಳ್ಯದೆಲೆ ಉದ್ರಿ ತಂದು, ತಟ್ಟಿನ ಬೆನ್ನಿಗೆ ಹೇರಿ, ಶಿಗ್ಗಾಂವಿ, ಹಾನಗಲ್ಲ ಸಂತೆಗಳಲ್ಲಿ ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಆ ತಟ್ಟು ಕುದುರೆಯೇ ಅವಳ ಕೈಕಾಲು. ಬಾಯಿ ಮಾತ್ರ ಜೋರು. ಅವಳ ಹತ್ತಿರ ಚೌಕಾಸಿ ಮಾಡಿ ಗೆದ್ದವರನ್ನು ಯಾರೂ ಕಂಡಿಲ್ಲ.

ಮೂವತ್ತೆಂಟನೆಯ ಇಸವಿಯ ದಸರೆಯ ಹೊತ್ತಿಗೆ ಇಂಗ್ಲಿಷ್ ಸರಕಾರದ ಕೋರ್ಟಿನ ಸಿಪಾಯಿ ಬಂದು ಆ ತಟ್ಟನ್ನು ಜಪ್ತಿ ಮಾಡಿ ಚಾವಡಿಯಲ್ಲಿ ಕಟ್ಟಿದ. ಸಂಸ್ಥಾನದ ಎಲೆ ವ್ಯಾಪಾರಿ ಅಜ್ಜಪ್ಪ ಅಲ್ಲಿಯ ಕೋರ್ಟಿನಲ್ಲಿ ನೂರಾ ನಲವತ್ತು ರೂಪಾಯಿಗೆ ದಾವೆ ಹೂಡಿದ್ದ. ಗುತ್ತೆವ್ವ ಹಾಜರಾಗಲಿಲ್ಲವೆಂದು ಏಕತರ್ಫಿ ಹುಕುಂ ಆಗಿ, ಅದೀಗ ಜಾರಿಗೆಂದು ಗಡಿ ದಾಟಿ ಬಂದಿತ್ತು. ಒಂದು ತಿಂಗಳಿಗೆ ತಟ್ಟು ಲಿಲಾವು, ಕೂಗಿ ಹರಾಜು. ದಾವೆ ನಡೆದದ್ದೇ ಅವಳಿಗೆ ಗೊತ್ತಿಲ್ಲ. ಅರವತ್ತು ರೂಪಾಯಿ ಆಗಲೇ ಮುಟ್ಟಿಸಿದ್ದಳು, ಕೇಳಿದ್ದರೆ ಹೇಳುತ್ತಿದ್ದಳು. ಕೇಳಿದವರೇ ಇಲ್ಲ.

ಶಿಗ್ಗಾಂವಿಯ ವಕೀಲ ಚನ್ನವೀರಪ್ಪ ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. ಸಾಲ ಇರುವುದು ನಿಜವಲ್ಲವೇ, ಕಂತು ಕಟ್ಟಿ ಕೈತೊಳೆದುಕೋ ಎಂದ. ಗುತ್ತೆವ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಸಾಲ ಐತ್ರಿ, ಇಲ್ಲ ಅನ್ನಾಂಗಿಲ್ಲ. ಆದ್ರ ನನ್ನ ಒಂದು ಮಾತು ಕೇಳದ ಬರದ ಹುಕುಂ ನಾ ಒಪ್ಪಾಂಗಿಲ್ರಿ. ನನಗ ಯಾವಾಗ ಹೇಳ್ಯಾರ, ಅದನ್ನ ಮೊದಲ ತೋರಸ್ರಿ."

ವಕೀಲ ಗೊಣಗುತ್ತಲೇ ಕಾಗದದ ನಕಲು ತರಿಸಿ ಓದಿದ. ಸಮನ್ಸ್ ಮುಟ್ಟಿಸುವ ಸಂಸ್ಥಾನದ ಬೇಲೀಫ ಬರೆದಿದ್ದ: ಮಾಘದ ಇಂಥ ಮಂಗಳವಾರ ಮಧ್ಯಾಹ್ನ ಗುತ್ತೆವ್ವ ತನ್ನ ಮನೆಯಲ್ಲಿ ಸಮನ್ಸ್ ತೆಗೆದುಕೊಳ್ಳಲು ಒಪ್ಪಲಿಲ್ಲ, ಬಾಗಿಲಿಗೆ ಅಂಟಿಸಿ ಬಂದೆ, ಇದಕ್ಕೆ ಸಾಕ್ಷಿಯ ಪಂಚ ಅದೇ ಊರಿನ ನಾಗಪ್ಪ.

ಗುತ್ತೆವ್ವನಿಗೆ ನಗು ತಡೆಯಲಾಗಲಿಲ್ಲ. ಆ ಮಂಗಳವಾರ ಊರಿನ ಹೊರಬೀಡು. ಊರದೇವಿ ದ್ಯಾಮವ್ವನ ಕಟ್ಟಳೆಯಂತೆ ಅಂದು ಹೊತ್ತು ಹುಟ್ಟುವ ಮುಂಚೆ ಇಡೀ ಊರು, ಹಸುಗೂಸು, ದನಕರು ಸಮೇತ, ಹೊಲಗಳಿಗೆ ಹೋಗಬೇಕು. ಸಂಜೆಯವರೆಗೆ ಊರೊಳಗೆ ನರಪಿಳ್ಳೆ ಇರಬಾರದು. ತಳವಾರ ಉಡಚಪ್ಪ ಊರಬಾಗಿಲಿಗೆ ಮುಳ್ಳು ಹಚ್ಚಿ ಕಾವಲು ಕೂತಿದ್ದ. ಪರಸ್ಥಳದ ಬೇಲೀಫನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಪುಣ್ಯಾತ್ಮ ಎಲ್ಲೋ ನೆರಳಲ್ಲಿ ಕೂತು ತಾರೀಖು ಬರೆದಿದ್ದ. ನಾಗಪ್ಪ ಅಜ್ಜಪ್ಪನ ಚಹಾ ಕುಡಿದು, ಓದದೆ ಸಹಿ ಹಾಕಿದ್ದ.

ವಕೀಲ ಇದನ್ನೇ ಬರೆದು ಇಲ್ಲಿನ ಕೋರ್ಟಿಗೆ ತಕರಾರು ಹಾಕಿದ. ಆ ತಿಂಗಳೆಲ್ಲ ಗುತ್ತೆವ್ವ ಎಲೆಯ ಪೆಂಡಿಗಳನ್ನು ತಲೆಯ ಮೇಲೆ ಹೊತ್ತು ಸಂತೆಗೆ ನಡೆದಳು. ಕುತ್ತಿಗೆ ಊದಿತು. ದಿನಾ ಚಾವಡಿಗೆ ಹೋಗಿ ತಟ್ಟಿಗೆ ಹುಲ್ಲು ಹಾಕಿದಳು. ಅಯ್ಯೋ ಪಾಪ ಎಂದವರಿಗೆಲ್ಲ ಕೋರ್ಟಿನ ತಾರೀಖು ಹೇಳಿ, ಅಲ್ಲಿಗೆ ಬರ್ರಿ ಎಂದಳು. ಅರ್ಧ ಊರೇ ಹೋಯಿತು.

ಅಜ್ಜಪ್ಪನ ಸಾಕ್ಷಿಯಾಗಿ ನಾಗಪ್ಪ ಕಟಕಟೆಗೆ ಬಂದಾಗ ವಕೀಲ ಏಳುವ ಮೊದಲೇ ಗುತ್ತೆವ್ವ ಎದ್ದು, ಒಂದೇ ಒಂದು ಮಾತು ಕೇಳುತ್ತೇನೆಂದು ಮುನ್ಸೀಫರ ಅಪ್ಪಣೆ ಪಡೆದಳು.

"ನಾಗಪ್ಪಣ್ಣ, ಹೊರಬೀಡಿನ ದಿವಸ ಮಧ್ಯಾಹ್ನ ನೀವು ಊರಾಗ ಇದ್ರೇನ್ರಿ? ದ್ಯಾಮವ್ವನ ಮ್ಯಾಲ ಆಣಿ ಮಾಡಿ ಹೇಳ್ರಿ."

ಇದ್ದೆನೆಂದರೆ ದೇವಿಯ ಕಟ್ಟಳೆ ಮುರಿದವನಾಗುತ್ತಾನೆ, ಬಾಗಿಲಲ್ಲಿ ಊರವರು ನಿಂತಿದ್ದಾರೆ. ಇರಲಿಲ್ಲವೆಂದರೆ ಸಹಿ ಸುಳ್ಳು. ನಾಗಪ್ಪ ಬಾಗಿಲ ಕಡೆಗೊಮ್ಮೆ, ಮುನ್ಸೀಫರ ಕಡೆಗೊಮ್ಮೆ ನೋಡಿದ. ಕೊನೆಗೆ ತಲೆ ತಗ್ಗಿಸಿ, ಹೊಲದಲ್ಲಿದ್ದೆ ಎಂದ.

ಸಮನ್ಸ್ ಮುಟ್ಟಿಸದೆ, ಅವಳ ಮಾತು ಕೇಳದೆ ಪಡೆದ ಹುಕುಂ ಇಲ್ಲಿ ನಡೆಯುವುದಿಲ್ಲ ಎಂದು ಮುನ್ಸೀಫರು ಬರೆದು, ತಟ್ಟನ್ನು ಬಿಡಲು ಹೇಳಿದರು. ಕೋರ್ಟಿನ ಅಂಗಳದಲ್ಲಿ ಅಜ್ಜಪ್ಪ ಮುಖ ಗಂಟಿಕ್ಕಿಕೊಂಡು ಎದುರಾದ. ಹಾಗಾದರೆ ತನ್ನ ರೊಕ್ಕಕ್ಕೆ ಎಳ್ಳುನೀರು ಬಿಟ್ಟಂತೆಯೇ ಎಂದು ಕೇಳಿದ. ಗುತ್ತೆವ್ವ ಸೆರಗು ಸಿಗಿಸಿಕೊಂಡು ನಿಂತಳು.

"ಎಂಬತ್ತು ರೂಪಾಯಿ ಕೊಡೂದೈತ್ರಿ, ಸಾವ್ಕಾರ್ರ. ನನ್ನ ಬಾಗಲಕ ಬಂದು ನನ್ನ ಕೇಳ್ರಿ, ಕೊಡ್ತೇನಿ. ನಾ ಮನ್ಯಾಗ ಇರೂ ದಿವಸ ಬರ್ರಿ."