ಹಸಿರು ಕೊಂಬೆ ಬಾರದ ಮನೆ

ನಮ್ಮೂರಿನಲ್ಲಿ ಚಳಿಗಾಲವನ್ನು ಸುಮ್ಮನೆ ಹೋಗಲು ಬಿಡುವುದಿಲ್ಲ, ಕೊಂದೇ ಕಳಿಸುತ್ತೇವೆ. ಈಸ್ಟರಿಗೆ ಇನ್ನೆರಡು ವಾರವಿದೆ ಎನ್ನುವಾಗ ಒಂದು ಭಾನುವಾರ ಹುಡುಗಿಯರು ಚಳಿಯೂ ಸಾವೂ ಆದ ಮಝಾನ್ನಾ ಎಂಬ ಹುಲ್ಲಿನ ಗೊಂಬೆಗೆ ಮದುವಣಗಿತ್ತಿಯ ಬಟ್ಟೆ ತೊಡಿಸಿ, ಊರೆಲ್ಲ ಮೆರೆಸಿ, ಬೆಂಕಿ ಹಚ್ಚಿ ಹೊಳೆಗೆ ಎಸೆಯುತ್ತಾರೆ. ಆಮೇಲೆ ರಿಬ್ಬನ್ನು, ಮೊಟ್ಟೆಚಿಪ್ಪು ಕಟ್ಟಿದ ಹಸಿರು ಕೊಂಬೆ ಹಿಡಿದು ಮನೆಮನೆಗೆ ವಸಂತವನ್ನು ತರುತ್ತಾರೆ. ಇದು ಕ್ರಿಸ್ತನಿಗಿಂತ ಹಳೆಯ ಅಧರ್ಮ ಎಂದು ಪಾದ್ರಿಗಳು ಪ್ರತಿ ವರ್ಷ ಬೈಯುತ್ತಾರೆ. ಅವರ ಅಡುಗೆಯವಳೇ ಹಿತ್ತಿಲ ಬಾಗಿಲಿನಿಂದ ಕೊಂಬೆಯನ್ನು ಒಳಗೆ ಕರೆದುಕೊಳ್ಳುತ್ತಾಳೆ. ಇರುವುದು ಒಂದೇ ಕಟ್ಟಳೆ: ಗೊಂಬೆಯನ್ನು ಎಸೆದ ಮೇಲೆ ಊರು ಮುಟ್ಟುವ ತನಕ ಯಾರೂ ಹಿಂದಕ್ಕೆ ತಿರುಗಿ ನೋಡಬಾರದು. ನೋಡಿದರೆ ಸಾವು ನೀರಿನಿಂದೆದ್ದು ಜೊತೆಯಲ್ಲೇ ಬರುತ್ತದೆ.

ಒತಿಲ್ಯಾ ತಿರುಗಿ ನೋಡಿದವಳು.

ನಾನು ಈ ಊರಿಗೆ ಸೊಸೆಯಾಗಿ ಬಂದ ವಾರವೇ ಅತ್ತೆ ಎಚ್ಚರಿಸಿದ್ದರು. "ಪಕ್ಕದ ಮನೆಯವಳ ಹತ್ರ ಮೊಟ್ಟೆ ಗಿಟ್ಟೆ ಇಸ್ಕೋಬೇಡ ತ್ರುದಾ. ಅವಳು ತಿರುಗಿ ನೋಡಿದೋಳು."

"ಯಾಕೆ ನೋಡಿದ್ರಂತೆ?"

"ಯಾಕಾದ್ರೂ ನೋಡ್ಲಿ. ನೋಡಿದ್ಲಲ್ಲ!"

ಯಾಕೆಂದು ನನಗೆ ಹೇಳಿದ್ದು ಒತಿಲ್ಯಾಳೇ, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪಾದ ಮೊಟ್ಟೆಯ ಮೇಲೆ ಚಾಕುವಿನ ಮೊನೆಯಿಂದ ಹೂ ಕೆರೆಯುತ್ತ. ಆ ವರ್ಷ ಕೊಂಬೆ ಹಿಡಿಯುವ ಸರದಿ ಅವಳದು. ಮದುವೆಯಾಗಬೇಕಿದ್ದ ಅಲೊಯ್ಜಿಯ ಮನೆಗೇ ಮೊದಲು ಹೋಗಬೇಕೆಂದು ಅವಳ ಆಸೆ. ಹೊಳೆಯಿಂದ ಹೊರಟು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ನೀರಿಗೆ ಏನೋ ಬಿದ್ದ ಸದ್ದು. ಹುಡುಗಿಯರ ಬೆನ್ನಿಗೆ ಬಿದ್ದು ಬಂದಿದ್ದ ಪುಟ್ಟ ಉರ್ಶುಲಾ ದಡದಿಂದ ಜಾರಿದ್ದಳು. ಸದ್ದು ಎಲ್ಲರಿಗೂ ಕೇಳಿಸಿತ್ತು. ಎಲ್ಲರೂ ಕತ್ತು ನೆಟ್ಟಗೆ ಮಾಡಿಕೊಂಡು ನಡೆದರು. ಒತಿಲ್ಯಾ ಮಾತ್ರ ತಿರುಗಿದಳು, ಓಡಿದಳು, ಹಿಮ ಕರಗಿದ ನೀರಿಗೆ ಎದೆಮಟ್ಟ ಇಳಿದು ಮಗುವಿನ ಜುಟ್ಟು ಹಿಡಿದು ಎಳೆದು ತಂದಳು.

ಆ ಬೇಸಿಗೆಯಲ್ಲಿ ಕಲ್ಲಿದ್ದಲ ಗಣಿ ಕುಸಿದು ಉರ್ಶುಲಾಳ ಅಪ್ಪ ಸತ್ತ. ಗಣಿಗಳು ಕುಸಿಯುತ್ತಲೇ ಇರುತ್ತವೆ. ಆದರೆ ಊರಿಗೆ ಬೇರೆ ಕಾರಣ ಸಿಕ್ಕಿತ್ತು. ಅಲೊಯ್ಜಿ ಒತಿಲ್ಯಾಳ ಮನೆಯ ದಾರಿಯನ್ನೇ ಮರೆತ. ಪಕ್ಕದೂರಿನವಳನ್ನು ಕಟ್ಟಿಕೊಂಡು ಈಗ ಹೊಟ್ಟೆ ಮುಂದೆ, ತಾನು ಹಿಂದೆ ಎಂಬಂತೆ ಓಡಾಡುತ್ತಾನೆ. ಅವನನ್ನು ಕಂಡರೆ ನನಗೆ ಇವತ್ತಿಗೂ ಮೈಯುರಿಯುತ್ತದೆ.

ಅಂದಿನಿಂದ ಹಸಿರು ಕೊಂಬೆ ಒತಿಲ್ಯಾಳ ಬಾಗಿಲಿಗೆ ಬಂದಿಲ್ಲ. ಹುಡುಗಿಯರು ನಮ್ಮ ಮನೆಯಲ್ಲಿ ಹಾಡಿ, ಮೊಟ್ಟೆ ಇಸಿದುಕೊಂಡು, ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಾರೆ. ಇವಳೋ, ಪ್ರತಿ ವರ್ಷ ಗಸಗಸೆ ಕೇಕು ಬೇಯಿಸಿ, ಬುಟ್ಟಿ ತುಂಬ ಹೂ ಕೆರೆದ ಮೊಟ್ಟೆ ಇಟ್ಟುಕೊಂಡು, ಬಾಗಿಲು ತೆರೆದು ನಿಂತಿರುತ್ತಾಳೆ. ಊರಲ್ಲಿ ಅವಳಷ್ಟು ಚೆಂದ ಮೊಟ್ಟೆ ಕೆರೆಯುವ ಕೈ ಇನ್ನೊಂದಿಲ್ಲ.

ಈ ವರ್ಷ ಬೇಲಿಯ ಹತ್ತಿರ ಬಂದು ಕೇಳಿದಳು. "ಈ ಸಲ ಮಕ್ಕಳನ್ನ ಕರ್ಕೊಂಡು ಬರೋದು ಉರ್ಶುಲಾನೇ ಅಂತೆ? ಶಿಶುವಿಹಾರದ ಟೀಚರಲ್ವಾ ಈಗ. ಅವಳಾದ್ರೆ ಬರ್ತಾಳೆ. ಅಲ್ವಾ ತ್ರುದಾ?"

ಹೊಸ್ತಿಲಿಗೆ ಹೊಸ ಬಣ್ಣ ಬಳಿದಿದ್ದಳು. ಅದನ್ನು ನೋಡಿದವಳೇ ನೇರ ಉರ್ಶುಲಾಳ ಮನೆಗೆ ಹೋದೆ.

"ಒಂದು ಸಲ ಅವಳ ಬಾಗಿಲಿಗೆ ಹೋಗಮ್ಮ. ನೀನು ಉಸಿರಾಡ್ತಿರೋದೇ ಅವಳಿಂದ."

ಉರ್ಶುಲಾ ಕೊಂಬೆಗೆ ರಿಬ್ಬನ್ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಅದು ನಂಗೊತ್ತಿಲ್ವಾ ಚಿಕ್ಕಮ್ಮ? ನಿನ್ನ ಬದಲು ಸಾವಿಗೆ ನಿಮ್ಮಪ್ಪನ್ನ ಕೊಟ್ಟೆ ಅಂತ ಅಮ್ಮ ದಿನಾ ಹೇಳ್ತಿದ್ಲು. ಊಟ ಬಡಿಸ್ತಾ ಹೇಳ್ತಿದ್ಲು, ತಲೆ ಬಾಚ್ತಾ ಹೇಳ್ತಿದ್ಲು. ಆ ಹೆಂಗಸಿನ ಮುಖ ನೋಡಿದ್ರೆ, ನಾನು ಯಾಕೆ ಬದುಕಿದೆ ಅನ್ಸತ್ತೆ."

"ಅದಕ್ಕೆ ಅವಳೇನು ಮಾಡ್ತಾಳೆ?"

"ಏನೂ ಮಾಡಲ್ಲ. ಬಾಗ್ಲಲ್ಲಿ ನಿಂತಿರ್ತಾಳೆ. ಅದೇ ನನ್ನ ಕೈಲಿ ಆಗಲ್ಲ."

ಭಾನುವಾರ ಕೊಂಬೆ ಬಂತು. ನಮ್ಮ ಅಂಗಳದಲ್ಲಿ ಮಕ್ಕಳು ಗಂಟಲು ಕಿತ್ತುಹೋಗುವಂತೆ ಹಾಡಿದರು. ಆಮೇಲೆ ಉರ್ಶುಲಾ ನೆಲ ನೋಡುತ್ತ ರಸ್ತೆ ದಾಟಿದಳು, ಮಕ್ಕಳು ಅವಳ ಹಿಂದೆ.

ನಾನು ಕೆಂಡಾಮಂಡಲವಾಗಿ ಒತಿಲ್ಯಾಳ ಮನೆಗೆ ಹೋದೆ. ಅವಳು ಅಳುತ್ತಿರಬಹುದು, ಇಲ್ಲವೇ ಎಂದಿನಂತೆ "ಹೋಗ್ಲಿ ಬಿಡು" ಎನ್ನಬಹುದು ಎಂದುಕೊಂಡಿದ್ದೆ. ಅವಳು ಮೇಜಿನ ಮುಂದೆ ಕುಳಿತು, ವಾರವಿಡೀ ಕೆರೆದ ಮೊಟ್ಟೆಯೊಂದನ್ನು ಒಡೆದು, ಉಪ್ಪು ಅದ್ದಿಕೊಂಡು ತಿನ್ನುತ್ತಿದ್ದಳು. ನಾನು ಉರ್ಶುಲಾಳ ಮಾತನ್ನೆಲ್ಲ ಒದರಿಬಿಟ್ಟೆ. ಪೂರ್ತಿ ಕೇಳಿಸಿಕೊಂಡಳು.

"ಆ ದಿನ ಇನ್ನೊಂದ್ಸಲ ಬಂದು ಆ ಮಗು ನೀರಿಗೆ ಬಿದ್ರೆ ನಾನು ತಿರುಗಲ್ಲ ತ್ರುದಾ," ಎಂದಳು.

"ಛೆ, ಬಿಡ್ತು ಅನ್ನಕ್ಕ!"

"ತಿರುಗಲ್ಲ. ಎಲ್ರ ಜೊತೆ ನೆಟ್ಟಗೆ ನಡೀತೀನಿ. ಸಂಜೆ ಅವರಮ್ಮನ ಪಕ್ಕ ಕೂತು ಅತ್ತು ಬರ್ತೀನಿ. ಮಾರನೇ ವರ್ಷ ನನ್ನ ಗಂಡನ ಮನೆ ಬಾಗ್ಲಿಗೆ ಕೊಂಬೆ ಬರತ್ತೆ."

ಸಿಟ್ಟಿಗೆ ಆಡಿದ ಮಾತಾಗಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ನಿಜವನ್ನೇ ಹೇಳುತ್ತಿದ್ದಳು.