ಖಾದರ್ ಮೇಷ್ಟ್ರ ತಿದ್ದುಪಡಿ

ಶಾಲೆಯ ಹಳೆಯ ನಕ್ಷೆಗಳಿಗೆ ಒಂದು ವಾಸನೆಯಿದೆ. ಬೆನ್ನಿಗೆ ಅಂಟಿಸಿದ ಬಟ್ಟೆ, ಒಣಗಿದ ಗೋಂದು, ನುಸಿಗುಳಿಗೆ, ಅದರ ಮೇಲೊಂದಿಷ್ಟು ಇಲಿ, ಎಲ್ಲ ಸೇರಿದ ವಾಸನೆ. ಮೊನ್ನೆ ನಮ್ಮ ಶಾಲೆಗೆ ಸುಣ್ಣ ಹೊಡೆಸಲೆಂದು ಸ್ಟಾಫ್ ರೂಮಿನ ಬೀರು ಸರಿಸಿದಾಗ ಹಿಂದೆ ಒಂದು ಸುರುಳಿ ಬಿದ್ದಿತ್ತು. ಬಿಚ್ಚಿದರೆ ಆ ವಾಸನೆಯ ಜೊತೆಗೇ ಅಮೃತಾಪುರದ ದೇವಸ್ಥಾನ ಹೊರಬಂತು. ಬಣ್ಣದ ಪೆನ್ಸಿಲಿನಲ್ಲಿ ಬರೆದ ಚಿತ್ರ. ಕಡೆದ ಕಂಬಗಳು, ಗೋಪುರ, ಅದರ ಮುಂದೆ ಸಿಂಹದೊಡನೆ ಕಾದಾಡುವ ವೀರ, ಎಲ್ಲ ಅಚ್ಚುಕಟ್ಟು. ಮಂಟಪದ ಕೆಳಗೋಡೆಯ ಮೇಲೆ ಕೆಂಪು ಬಾಣದ ಗುರುತು, ಪಕ್ಕದಲ್ಲಿ ದುಂಡಗಿನ ಅಕ್ಷರ: 'ರಾಮಾಯಣ ಇಲ್ಲಿಂದ ಆರಂಭ.'

ಆ ಬಾಣ ತಪ್ಪು. ಅದು ತಪ್ಪೆಂದು ಗೊತ್ತಾದ ದಿನ ನಾನೂ ಅಲ್ಲಿದ್ದೆ. ಆ ದಿನದ ವಿಷಯ ನಿಮಗೆ ಹೇಳಬೇಕು.

ಚಿತ್ರ ಬರೆದವರು ಖಾದರ್ ಮೇಷ್ಟ್ರು. ನಾನು ಅಜ್ಜಂಪುರದ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಬರುವ ಹೊತ್ತಿಗೆ ಅವರು ಸಮಾಜ ಪಾಠ ಮಾಡುತ್ತ ಇಪ್ಪತ್ತು ವರ್ಷ ದಾಟಿತ್ತು. ಅವರ ಪಾಠವೆಂದರೆ ಪಕ್ಕದ ಕೊಠಡಿಯಲ್ಲಿದ್ದ ನನ್ನ ಮಕ್ಕಳೂ ಕಿವಿ ಆ ಕಡೆಗೇ ಇಡುತ್ತಿದ್ದರು. ದೇವಸ್ಥಾನವಾಗಲಿ, ಮಸೀದಿಯಾಗಲಿ, ಚರ್ಚಾಗಲಿ, ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಕೈಹಿಡಿದು ಒಳಗೆ ಕರೆದೊಯ್ದಂತೆ ಹೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ನಾನು ಹಳಗನ್ನಡ ಶುರುಮಾಡಿದರೆ ಮಕ್ಕಳು ನೀರು ಕುಡಿಯಲು ಹೋಗುತ್ತಿದ್ದರು.

ಒಂದು ವಿಚಿತ್ರವಿತ್ತು. ವರ್ಷವರ್ಷದ ಟೂರಿನ ಏರ್ಪಾಡೆಲ್ಲ ಅವರದೇ, ಆದರೆ ಅವರು ಮಾತ್ರ ಬಸ್ಸು ಹತ್ತುತ್ತಿರಲಿಲ್ಲ. ಮಕ್ಕಳಿಗೆ ಏನೇನು ನೋಡಬೇಕೆಂದು ಬರೆದುಕೊಟ್ಟು, ಕೈಬೀಸಿ, ಸೈಕಲ್ ತಿರುಗಿಸುತ್ತಿದ್ದರು. ಊಟದ ಬೆಲ್ಲು ಹೊಡೆಯುವ ಮೊದಲೇ ಆ ಸೈಕಲ್ಲಿನ ಸ್ಟ್ಯಾಂಡು ಎತ್ತಿರುತ್ತಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ನಾನು, "ನಮ್ ಖಾದರ್ ಮೇಷ್ಟ್ರು ಪ್ರಪಂಚ ಎಲ್ಲಾ ತೋರಿಸ್ತಾರೆ, ತಾವು ಮಾತ್ರ ಅಜ್ಜಂಪುರದ ಗಡಿ ದಾಟಿಲ್ಲ. ಕಾಣದೇ ಇರೋದನ್ನ ಹೇಳೋಕೂ ಧೈರ್ಯ ಬೇಕು ಬಿಡಿ" ಎಂದೆ. ಎಲ್ಲರೂ ನಕ್ಕರು. ತಿರುಗಿ ನೋಡಿದರೆ ಅವರು ಬಾಗಿಲಲ್ಲಿ ನಿಂತು ಸೀಮೆಸುಣ್ಣದ ಡಬ್ಬಿ ಹುಡುಕುತ್ತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ನನಗಿರಲಿಲ್ಲ.

ಅವರು ನಿವೃತ್ತರಾದ ವರ್ಷವೇ ಅವರ ಅಕ್ಕ ತೀರಿಕೊಂಡರು. ಮಾತನಾಡಿಸಿ ಬರಲು ಹೋದಾಗ ಆ ಮನೆಯ ಒಳಗನ್ನು ಮೊದಲ ಸಲ ನೋಡಿದೆ. ನಡುಮನೆಯಲ್ಲಿ ಖಾಲಿ ಮಂಚ, ಪಕ್ಕದ ಸ್ಟೂಲಿನ ಮೇಲೆ ಒಂದು ಬಟ್ಟಲು, ಚಮಚ. ತಾಯಿ ಇಲ್ಲದ ತಮ್ಮನನ್ನು ಬಟ್ಟೆ ಹೊಲಿದು ಓದಿಸಿದ ಆಪಾ ಅವರು. ಲಕ್ವ ಹೊಡೆದು ಇಪ್ಪತ್ತೆಂಟು ವರ್ಷ ಆ ಮಂಚದ ಮೇಲೇ ಇದ್ದರಂತೆ. ಬೇರೆ ಯಾರು ಉಣಿಸಿದರೂ ಬಾಯಿ ತೆರೆಯುತ್ತಿರಲಿಲ್ಲವಂತೆ. ಮೇಷ್ಟ್ರು ಮದುವೆಯನ್ನೂ ಮಾಡಿಕೊಂಡಿರಲಿಲ್ಲ.

"ಬಾಗ್ಲು ಸದ್ದಾದ್ರೆ ಸಾಕು, 'ಆಗ್ಯಾ ಕ್ಯಾ ರೇ' ಅನ್ನೋಳು. ಬಂದ್ಯೇನೋ ಅಂತ. ಆ ಒಂದು ಮಾತು ಮಾತ್ರ ಉಳಿದಿತ್ತು ಅವಳ ಹತ್ರ" ಎಂದರು. ಸ್ಟೂಲಿನ ಮೇಲಿನ ಬಟ್ಟಲನ್ನು ಸರಿಸಿಟ್ಟು, "ಈಗ ಮಧ್ಯಾಹ್ನ ಆದ್ರೆ ಏನ್ ಮಾಡ್ಬೇಕು ಅಂತ ಗೊತ್ತಾಗಲ್ಲ ಕಣಪ್ಪಾ" ಎಂದರು.

ನನ್ನ ಬಾಯಿಂದ ಥಟ್ಟನೆ ಬಂತು: "ಸರ್, ಭಾನುವಾರ ಅಮೃತಾಪುರಕ್ಕೆ ಹೋಗೋಣ್ವಾ?"

ಅಜ್ಜಂಪುರದಿಂದ ರೈಲಿನಲ್ಲಿ ಬೀರೂರು, ಅಲ್ಲಿ ಇಳಿದು ತರೀಕೆರೆಯ ಗಾಡಿ. ಬೀರೂರಿನಲ್ಲಿ ಎರಡು ಗಂಟೆ ಕಾಯಬೇಕಿತ್ತು. ಅಡ್ಡಾಡುತ್ತ ಹೋದರೆ ಒಂದು ಹಳೆಯ ಚರ್ಚು ಕಂಡಿತು. ಪೂಜೆ ಮುಗಿದು ಜನ ಹೋಗಿದ್ದರು. ವಯಸ್ಸಾದ ಹೆಂಗಸೊಬ್ಬರು ಬೆಂಚು ಒರೆಸುತ್ತಿದ್ದರು.

"ಒಳಗೆ ಬರ್ಬೋದಾ ಅಮ್ಮಾ?" ಎಂದು ಮೇಷ್ಟ್ರು ಕೇಳಿದರು.

"ಬಾಗ್ಲು ತೆಗ್ದಿರೋದು ಬರಕ್ಕೇ ಕಣ್ರೀ" ಎಂದು ಆಕೆ ಒರೆಸುವುದನ್ನು ಮುಂದುವರಿಸಿದರು.

ಕಿಟಕಿಯ ಮೇಲ್ಗಡೆ ಬಣ್ಣದ ಗಾಜಿನ ಚೂರುಗಳಿದ್ದವು. ಬೆಳಗಿನ ಬಿಸಿಲು ಅದರೊಳಗಿಂದ ಹಾದು ನೆಲದ ಮೇಲೆ ಕೆಂಪು, ನೀಲಿ ಚೆಲ್ಲಿತ್ತು. ಮೇಷ್ಟ್ರು ಬಗ್ಗಿ ಆ ಕೆಂಪಿನಲ್ಲಿ ಅಂಗೈ ಇಟ್ಟರು. ಕೈ ಕೆಂಪಾಯಿತು. "ಹೇಳಿದ್ದೆ ಮಕ್ಕಳಿಗೆ, ಬೆಳಕು ಬಣ್ಣ ಹಚ್ಕೊಂಡು ಒಳಗೆ ಬರುತ್ತೆ ಅಂತ. ನಿಜವಾಗ್ಲೂ ಬರುತ್ತೆ ನೋಡ್ರೀ" ಎಂದರು. ಅರವತ್ತು ದಾಟಿದ ಮನುಷ್ಯನ ಮುಖದಲ್ಲಿ ಅಷ್ಟು ನಿರಾಳ ನಾನು ನೋಡಿರಲಿಲ್ಲ. ರೈಲು ತಪ್ಪುವ ಹಾಗಾಯಿತು, ಓಡಿದೆವು.

ತರೀಕೆರೆಯಿಂದ ಆಟೋದಲ್ಲಿ ಅಮೃತಾಪುರ ಮುಟ್ಟಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಮೇಷ್ಟ್ರು ಟೋಪಿ ಸರಿಮಾಡಿಕೊಂಡು ನೇರ ಮಂಟಪದ ತೆಂಕಣ ಗೋಡೆಗೆ ಹೋದರು. ಗೋಡೆಯ ಬಲತುದಿಯಿಂದ ಹೊರಟು ಪ್ರದಕ್ಷಿಣೆ ಹಾಕಿದರೆ ರಾಮಾಯಣ ಹೆಜ್ಜೆಹೆಜ್ಜೆಗೂ ಮುಂದೆ ಸಾಗುತ್ತದೆ ಎಂಬುದು ಅವರ ಪಾಠ. "ಮೊದಲು ದಶರಥನ ಯಾಗ" ಎನ್ನುತ್ತ ಬಗ್ಗಿದರು. ಎದುರಿಗಿದ್ದದ್ದು ಕಪಿಗಳು, ಬಾಣಗಳು, ಯುದ್ಧ. ಕನ್ನಡಕ ಒರೆಸಿ ಮತ್ತೆ ನೋಡಿದರು. ಮುಂದೆ ಹೋದಂತೆಲ್ಲ ಕಥೆ ಹಿಂದೆ ಹಿಂದೆ ಹೋಗುತ್ತಿತ್ತು. ಯುದ್ಧ ಕಳೆದು ಲಂಕೆ, ಲಂಕೆ ಕಳೆದು ಕಾಡು.

ನಮ್ಮನ್ನು ಗಮನಿಸುತ್ತಿದ್ದ ಅರ್ಚಕರು ಹತ್ತಿರ ಬಂದರು. "ಸಾಹೇಬ್ರೇ, ಇಲ್ಲಿ ರಾಮಾಯಣ ಅಪ್ರದಕ್ಷಿಣೆ. ಆ ತುದಿಯಿಂದ ಈ ಕಡೆಗೆ ಬರ್ಬೇಕು. ಎಲ್ಲಾರೂ ಹಿಂಗೇ ಮೋಸ ಹೋಗ್ತಾರೆ."

ಮೇಷ್ಟ್ರು ಜಗಲಿಯ ಅಂಚಿನಲ್ಲಿ ಕುಳಿತುಬಿಟ್ಟರು. ದೇವಸ್ಥಾನ ಎಂದ ಮೇಲೆ ಪ್ರದಕ್ಷಿಣೆಯ ದಿಕ್ಕಿಗೇ ಇರಬೇಕೆಂದು ಅವರೇ ಊಹಿಸಿ ಬಾಣ ಹಾಕಿದ್ದರಂತೆ. "ಇಪ್ಪತ್ತೇಳು ಬ್ಯಾಚು ಕಣಪ್ಪಾ. ಅಷ್ಟೂ ಮಕ್ಕಳಿಗೆ ಸುಳ್ಳು ಹೇಳಿದ್ನಲ್ಲ. ಅವತ್ತು ನೀವು ಹೇಳಿದ್ದು ಸರೀನೇ."

ಕೇಳಿಸಿತ್ತು ಎಂದಾಯಿತು. ನಾನು ಪಕ್ಕದಲ್ಲಿ ಕುಳಿತು, "ಸರ್, ಟೂರಿನ ಜೊತೆ ನಾನು ಇಲ್ಲಿಗೆ ಆರು ಸಲ ಬಂದಿದ್ದೀನಿ. ಆರೂ ಸಲ ಹೊರಗೆ ಟೀ ಕುಡೀತಾ ಕೂತಿದ್ದೆ. ಈ ಗೋಡೆ ಯಾವ ಕಡೆ ಹೋಗುತ್ತೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು" ಎಂದೆ. ಅವರು ನಗಲಿಲ್ಲ. ಎದ್ದು ಆ ತುದಿಗೆ ಹೋಗಿ, ಯಾಗದಿಂದ ಶುರುಮಾಡಿ, ಇಡೀ ಗೋಡೆಯನ್ನು ಒಂದೂ ಬಿಡದೆ ಓದಿದರು. ಊಟದ ನೆನಪಾದದ್ದು ಮೂರು ಗಂಟೆಗೆ.

ಮರುದಿನ ಬೆಳಿಗ್ಗೆಯೇ ಮೇಷ್ಟ್ರು ನಮ್ಮ ಮನೆಗೆ ಬಂದರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪೊಂದು ನನ್ನ ಫೋನಿನಲ್ಲಿತ್ತು. ಅವರು ಹೇಳಿದರು, ನಾನು ಒತ್ತಿದೆ: 'ತಿದ್ದುಪಡಿ. ಅಮೃತಾಪುರದ ರಾಮಾಯಣದ ಬಗ್ಗೆ ನಾನು ತಪ್ಪಾಗಿ ಪಾಠ ಮಾಡಿದ್ದೇನೆ. ಅದು ಬಲದಿಂದ ಎಡಕ್ಕಲ್ಲ, ಎಡದಿಂದ ಬಲಕ್ಕೆ ಸಾಗುತ್ತದೆ. ನಿಮ್ಮ ಮಕ್ಕಳಿಗಾದರೂ ಸರಿಯಾಗಿ ಹೇಳಿ. ನಾನು ನೋಡದೆ ಹೇಳಿದ್ದೆ. ಕ್ಷಮಿಸಿ.'

ಕೊನೆಯ ಎರಡು ಮಾತು ಬೇಡವೆಂದೆ. ಇರಲಿ ಎಂದರು.

ಅರ್ಧ ಗಂಟೆ ಗುಂಪಿನಲ್ಲಿ ಯಾರ ಉತ್ತರವೂ ಬರಲಿಲ್ಲ. ಮೇಷ್ಟ್ರು ಕಾಫಿ ಲೋಟ ಹಿಡಿದು ಫೋನನ್ನೇ ನೋಡುತ್ತಿದ್ದರು. ಆಮೇಲೆ ಒಂದು ವಾಯ್ಸ್ ಮೆಸೇಜು ಬಂತು. ಹಿಂದೆ ಹಿಟ್ಟಿನ ಗಿರಣಿಯ ಸದ್ದು. ಅವರ ತೀರಾ ಹಳೆಯ ವಿದ್ಯಾರ್ಥಿನಿ, ಚೌಳಹಿರಿಯೂರಿನಲ್ಲಿ ಗಿರಣಿ ನಡೆಸುವ ಜಯಮ್ಮ.

"ಸಾ, ಚೆನ್ನಾಗಿದೀರಾ? ಅದು ಉಲ್ಟಾ ಅಂತ ನಮ್ಗೆ ಟೂರ್‌ಗೆ ಹೋದಾಗ್ಲೇ ಗೊತ್ತಾಗಿತ್ತು ಕಣ್ ಸಾ. ಬಸ್ಸಲ್ಲಿ ಬರ್ತಾ ಎಲ್ಲಾರೂ ಮಾತಾಡ್ಕೊಂಡ್ವಿ, ಸಾಹೇಬ್ರಿಗೆ ಹೇಳೋದು ಬ್ಯಾಡ, ಪಾಪ, ಅಕ್ಕನ್ನ ಬಿಟ್ಟು ಬರಕ್ಕಾಗಲ್ಲ ಅವ್ರಿಗೆ, ನೊಂದ್ಕೋತಾರೆ ಅಂತ. ಕೆಳಗಿನ್ ಕ್ಲಾಸ್ನೋರಿಗೂ ಹೇಳಿದ್ವಿ. ಅವ್ರು ಅವ್ರ ಕೆಳಗಿನೋರಿಗೆ. ನೀವು ಹೆಂಗಿತ್ರೋ ಅಂತ ಕೇಳಿದ್ರೆ, ನೀವ್ ಹೇಳ್ದಂಗೇ ಇತ್ತು ಸಾ ಅಂತ ಎಲ್ಲಾ ಹೇಳ್ತಿದ್ವಲ್ಲ. ಸುಳ್ಳು ಹೇಳಿದ್ದು ನಾವೇ. ಬೇಜಾರು ಮಾಡ್ಕೋಬ್ಯಾಡಿ."

ಮೇಷ್ಟ್ರು ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು. ಮೂರನೆಯ ಸಲ ಲೋಟ ಕೆಳಗಿಟ್ಟು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಎದ್ದು ಅಡುಗೆಮನೆಗೆ ಹೋದೆ. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತ, ಅವರ ಜೊತೆ ವರ್ಷಗಟ್ಟಲೆ ಕಳೆದ ನನಗೆ ಗೊತ್ತಿರದ ಅಕ್ಕ ಆ ಮಕ್ಕಳಿಗೆ ಗೊತ್ತಿದ್ದಳು.

ಈಗ ಭಾನುವಾರ ಖಾದರ್ ಮೇಷ್ಟ್ರ ಮನೆಗೆ ಬೀಗ. ಯಾವ ಬಸ್ಸಿನಲ್ಲಿದ್ದಾರೋ, ಯಾವ ಊರಿನ ಗೋಡೆ ನೋಡುತ್ತಿದ್ದಾರೋ ಯಾರಿಗೂ ಗೊತ್ತಿಲ್ಲ. ನನಗೂ ಅಂದಿನಿಂದ ಒಂದು ಅಭ್ಯಾಸವಾಗಿದೆ. ಪಾಠದ ನಡುವೆ ಮಕ್ಕಳು ತೀರ ಮೌನವಾದರೆ ನಿಲ್ಲಿಸಿ ಕೇಳುತ್ತೇನೆ. ಕಳೆದ ವಾರ ಒಂದು ಗಾದೆ ವಿವರಿಸುತ್ತ, ಕೂರಿಗೆಯೆಂದರೆ ಹೊಲದ ಕಳೆ ತೆಗೆಯುವ ಸಲಕರಣೆ ಎಂದೆ. ತರಗತಿ ಸ್ತಬ್ಧವಾಯಿತು.

"ಏನ್ರಪ್ಪಾ, ತಪ್ಪಾಯ್ತಾ?" ಎಂದೆ.

ಎರಡನೆಯ ಸಾಲಿನ ಹುಡುಗಿ ನಿಧಾನವಾಗಿ ಎದ್ದಳು. "ಸಾ, ಕೂರಿಗೇಲಿ ಬಿತ್ತೋದು. ಕಳೆ ತೆಗ್ಯೋದು ಕುಂಟೇಲಿ."

"ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ? ಹೋದ ತಿಂಗಳೂ ಇದನ್ನೇ ಹೇಳಿದ್ನಲ್ಲ."

ಅವಳು ಪಕ್ಕದವಳನ್ನು ನೋಡಿದಳು. "ನಮ್ಮಣ್ಣ ಹೇಳ್ಬ್ಯಾಡ ಅಂದಿದ್ದ ಸಾ."

ಅವಳ ಅಣ್ಣ ಶಾಲೆ ಬಿಟ್ಟು ಮೂರು ವರ್ಷವಾಗಿದೆ. ನಾನು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ಎರಡರ ಚಿತ್ರವನ್ನೂ ಬರೆಯಲು ಹೇಳಿ, ಅವಳ ಜಾಗದಲ್ಲಿ ಕುಳಿತುಕೊಂಡೆ.